ಕೆಂಪು ಹರಳೆಲ್ಲ ಮಾಣಿಕ್ಯವಲ್ಲ

ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪೃಥ್ವಿಯ 36 ಭೇದಗಳನ್ನು ಹೇಳುವಾಗ ಮಣ್ಣು, ಮರಳು, ಕಬ್ಬಿಣ, ತಾಮ್ರಗಳ ಸಾಲಿನಲ್ಲಿಯೇ ಮಣಿಗಳನ್ನೂ ಎಣಿಸಲಾಗಿದೆ. ಕಬ್ಬಿಣವೂ ರತ್ನವೂ ಅಲ್ಲಿ ಒಂದೇ ಪಂಕ್ತಿಯವು. ಗಾಢ ರಕ್ತವರ್ಣದ ಗಾರ್ನೆಟ್ ಮಣಿಯ ಮಟ್ಟಿಗಂತೂ ಈ ನೆಂಟತನವು ಅಕ್ಷರಶಃ ಸತ್ಯ. ಅದರ ಕೆಂಪು ಕಬ್ಬಿಣದಿಂದಲೇ ಬಂದುದು.

ಗಾರ್ನೆಟ್ ಎಂಬ ಹೆಸರು ದಾಳಿಂಬೆಯನ್ನು ಸೂಚಿಸುವ ಲ್ಯಾಟಿನ್ ಶಬ್ದದಿಂದ ಹುಟ್ಟಿದೆ. ನವರತ್ನಗಳಲ್ಲಿ ಸೇರಿದ ಗೋಮೇದಕವೂ ಇದೇ ಕುಲದ್ದು. ಕಡುಗೆಂಪಿನ ಬಗೆಯನ್ನು ಖನಿಜಶಾಸ್ತ್ರಜ್ಞರು ಅಲ್ಮಾಂಡಿನ್ ಎನ್ನುವರು. ಕಬ್ಬಿಣ, ಅಲ್ಯೂಮಿನಿಯಂ ಮತ್ತು ಸಿಲಿಕಾಂಶಗಳು ಕೂಡಿದ ಈ ಖನಿಜವು, ಜೇಡಿಯಂಶವುಳ್ಳ ಶಿಲೆಗಳು ಭೂಗರ್ಭದ ಶಾಖ ಹಾಗೂ ಒತ್ತಡಗಳಿಗೆ ಸಿಲುಕಿದಾಗ, ಬಹುಮಟ್ಟಿಗೆ ಹನ್ನೆರಡು ಮುಖಗಳ ಹರಳಾಗಿ ಬೆಳೆಯುತ್ತದೆ. ಬಳ್ಳಾರಿಯ ಜನರಿಗೆ ಕಬ್ಬಿಣದ ಕೆಂಪು ಹೊಸತೇನಲ್ಲ; ಸಂಡೂರಿನ ಅದಿರಿನ ಧೂಳನ್ನು ಕಾಣದವರಾರು? ಆದರೆ ಅದಿರಿನ ಕೆಂಪು ಬೆಳಕನ್ನು ತಡೆಯುತ್ತದೆ, ಗಾರ್ನೆಟ್ಟಿನ ಕೆಂಪು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಕುರುಗೋಡಿನ ಕಣಶಿಲೆಯ ಬೆಟ್ಟಗಳಾಗಲಿ ಸಿರುಗುಪ್ಪದ ಎರೆಭೂಮಿಯಾಗಲಿ ಈ ಮಣಿಗೆ ಹೆಸರಾದ ನೆಲೆಗಳಲ್ಲ. ಹೆಸರಾದುದು ತೆಲಂಗಾಣದ ಕೊತ್ತಗೂಡೆಂ ಸಮೀಪದ ಗರಿಬ್‌ಪೇಟ್ ಬೆಟ್ಟ. ಅರಿಕಮೇಡಿನ ಪ್ರಾಚೀನ ಗಾರ್ನೆಟ್ ಮಣಿಗಳು ಅಲ್ಲಿಯ ಹರಳುಗಳನ್ನೇ ಹೋಲುವುದನ್ನು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಕ್ರಿ.ಶ. 5-6ನೆಯ ಶತಮಾನಗಳಲ್ಲಿ ಯುರೋಪಿನ ಅರಸುಮನೆತನಗಳ ಚಿನ್ನದ ಒಡವೆಗಳಲ್ಲಿ ಕೂರಿಸಿದ ಕೆಂಪು ಹರಳುಗಳಲ್ಲಿಯೂ ಎಷ್ಟೋ ಭಾರತದಿಂದ ಹೋದವು.

ಬಳ್ಳಾರಿ ಸೀಮೆಗೆ ರತ್ನಗಳ ಖ್ಯಾತಿ ಬಂದುದು ಪೇಟೆಯಿಂದ. 1443ರಲ್ಲಿ ವಿಜಯನಗರವನ್ನು ಕಂಡ ಅಬ್ದುರ್ ರಜಾಕನೂ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸನೂ ಬಯಲಂಗಡಿಗಳಲ್ಲಿ ಮಾಣಿಕ್ಯಗಳನ್ನು ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಅವರ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೂ ದಾರಿಹೋಕನ ಕಣ್ಣಿಗೆ ಕೆಂಪೆಲ್ಲವೂ ಮಾಣಿಕ್ಯವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ರೋಮಿನ ಪ್ಲಿನಿಯೂ ಕೆಂಪು ಮಣಿಗಳನ್ನೆಲ್ಲ, 'ಕೆಂಡ' ಎಂಬರ್ಥದ ಒಂದೇ ಹೆಸರಿನಲ್ಲಿ ಸೇರಿಸಿದ್ದನು.

ಈ ಗೊಂದಲದ ನಡುವೆ ನೆನೆಯಬೇಕಾದವನು ಠಕ್ಕುರ ಫೇರು. ಅಲ್ಲಾವುದ್ದೀನ್ ಖಿಲ್ಜಿಯ ಭಂಡಾರವನ್ನು ಕಣ್ಣಾರೆ ಕಂಡ ಈ ಜೈನ ಶ್ರಾವಕನು 1315ರಲ್ಲಿ ಪ್ರಾಕೃತ ಭಾಷೆಯಲ್ಲಿ 'ರಯಣಪರಿಕ್ಖಾ' ಎಂಬ ರತ್ನಶಾಸ್ತ್ರವನ್ನು ರಚಿಸಿದನು. ಪೂರ್ವಶಾಸ್ತ್ರಗಳನ್ನು ಅನುಸರಿಸಿದರೂ, ಪಾರಸಿಕರ ವ್ಯಾಪಾರದಿಂದ ಬಂದ 'ಲಾಲ' ಎಂಬ ಕೆಂಪು ಮಣಿಯನ್ನು ಅವನು ಮಾಣಿಕ್ಯದೊಳಗೆ ಅಡಗಿಸದೆ ಬೇರೆಯಾಗಿಯೇ ಹೇಳಿದ್ದಾನೆ. ನಮ್ಮವರ ಈ ನಿಷ್ಠುರತೆ ಮೆಚ್ಚತಕ್ಕದ್ದು.

ಜಿನಬಿಂಬಕ್ಕೆ ಒಡವೆಯಿಲ್ಲ; ಪದ್ಮಾವತೀ, ಜ್ವಾಲಾಮಾಲಿನೀ ಯಕ್ಷಿಯರಿಗೆ ಭಕ್ತರು ಅರ್ಪಿಸುವ ಆಭರಣಗಳಲ್ಲಿ ಕೆಂಪು ಹರಳುಗಳಿರುವುದುಂಟು. ದಾಖಲೆಪುಸ್ತಕದಲ್ಲಿ ಎಲ್ಲವನ್ನೂ 'ಮಾಣಿಕ್ಯ' ಎಂದು ಬರೆದುಬಿಟ್ಟರೆ, ಐವತ್ತು ವರ್ಷಗಳ ಮೇಲೆ ಯಾರೋ ಪರೀಕ್ಷಿಸಿ ಗಾರ್ನೆಟ್ ಎಂದಾಗ, ಹರಳು ಬದಲಾಯಿತೆಂಬ ಅಪವಾದವು ನಿರಪರಾಧಿಯಾದ ಧರ್ಮದರ್ಶಿಯ ತಲೆಗೆ ಬರುತ್ತದೆ. ದತ್ತಿಭೂಮಿಯ ಚತುಸ್ಸೀಮೆಯನ್ನು ಕಲ್ಲು, ಕೆರೆ, ಹಳ್ಳಗಳ ಗುರುತಿನೊಡನೆ ಶಾಸನಗಳಲ್ಲಿ ಕೆತ್ತಿಸಿದ ನಮ್ಮ ಪೂರ್ವಿಕರ ಎಚ್ಚರವು ಒಡವೆಗಳ ವಿಷಯದಲ್ಲಿಯೂ ಇರಬೇಕಲ್ಲವೆ?

ಗುರುತಿಸುವುದು ಅಸಾಧ್ಯವಲ್ಲ. ಮಾಣಿಕ್ಯದ ಕಾಠಿಣ್ಯ 9, ಅಲ್ಮಾಂಡಿನ್ನಿನದು 7ರಿಂದ 7.5. ಆದರೆ ಗೀರಿ ನೋಡುವುದು ಒಡವೆಯನ್ನು ಕೆಡಿಸುವ ಕೆಲಸ. ಸಾಪೇಕ್ಷ ಸಾಂದ್ರತೆಯೂ ಹತ್ತಿರಹತ್ತಿರ, ಒಂದರದು ಸುಮಾರು 4.0, ಇನ್ನೊಂದರದು 4.1ರಿಂದ 4.3, ಕೈಯಳತೆಗೆ ನಿಲುಕದು. ರತ್ನಪರೀಕ್ಷಕರ ದ್ವಿವರ್ಣದರ್ಶಕದಲ್ಲಿ ಮಾಣಿಕ್ಯವು ಎರಡು ಛಾಯೆಗಳನ್ನು ತೋರುತ್ತದೆ, ಗಾರ್ನೆಟ್ ಒಂದನ್ನೇ. ಹಳೆಯ ಒಡವೆಗಳಲ್ಲಿ ಇನ್ನೊಂದು ಸುಳಿವುಂಟು: ಬಣ್ಣ ತೀರ ಗಾಢವಾದ ಗಾರ್ನೆಟ್ಟಿಗೆ ಬೆಳಕು ಹಾಯಲೆಂದು ಕುಶಲಕರ್ಮಿಗಳು ಅದರ ಬೆನ್ನನ್ನು ಬಟ್ಟಲಿನಂತೆ ಕೊರೆಯುತ್ತಿದ್ದರು. ಬಿಡಿ ಹರಳಾದರೆ ನೀರಿನ ಮೇಲೆ ತೇಲುವ ಬೆಂಡಿನ ತುಂಡಿನಲ್ಲಿಟ್ಟು ಪ್ರಬಲವಾದ ಅಯಸ್ಕಾಂತವನ್ನು ಹತ್ತಿರ ತರಬಹುದು. ಮಾಣಿಕ್ಯವು ಅಲುಗದು. ಅಲ್ಮಾಂಡಿನ್, ತನ್ನೊಳಗಿನ ಕಬ್ಬಿಣದ ದೆಸೆಯಿಂದ, ಮೆಲ್ಲನೆ ಅತ್ತ ಸರಿಯುತ್ತದೆ.