ಕಡತಕ್ಕೆ ಸಿಗದ ಚರಕ

ಕೊಳ್ಳೇಗಾಲದ ರೇಷ್ಮೆಯ ಹಳೇ ಲೆಕ್ಕ ಬೇಕೆಂದರೆ ಚೆನ್ನೈಗೆ ರೈಲು ಹತ್ತಬೇಕು. ಪಕ್ಕದಲ್ಲೇ ಇರುವ ಯಳಂದೂರಿನ ಲೆಕ್ಕ ಬೇಕೆಂದರೆ ಬೆಂಗಳೂರು, ಮೈಸೂರು ಸುತ್ತಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇವತ್ತು ಬೇರೆ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಸೇರಿತ್ತು. ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. ಅದೂ ನೇರವಾಗಿ ಅಲ್ಲ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆ ಅದು. ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಅದನ್ನು ಜಹಗೀರೆಂದೇ ಪ್ರತ್ಯೇಕವಾಗಿ ಬರೆದಿದ್ದಾನೆ. ಹೀಗೆ ಒಂದೇ ಬಸ್ಸಿನ ದಾರಿಯಲ್ಲಿರುವ ಮೂರು ಊರುಗಳ ಕಾಗದಪತ್ರ ಮೂರು ದಿಕ್ಕಿಗೆ ಹೋಗಿ ಕೂತಿದೆ. ಗೂಡಿಗೆ, ನೂಲಿಗೆ, ಸೀರೆಗೆ ಈ ಗಡಿ ಎಷ್ಟರಮಟ್ಟಿಗೆ ಅಡ್ಡ ಬಂದೀತು? ಬರೆದಿಟ್ಟವರಿಗಂತೂ ಪೂರ್ತಿ ಅಡ್ಡ ಬಂದಿತ್ತು.

ನಾನು ಓದಿದ್ದು ಉತ್ಪಾದನಾ ನಿರ್ವಹಣೆ. ಚರಿತ್ರೆಯವರ ಹಾಗೆ ಕಾಲಾನುಕ್ರಮ ಜೋಡಿಸುವ ಆಸೆ ನನಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ನೂರು ವರ್ಷಕ್ಕೂ ಮೇಲ್ಪಟ್ಟು ಬಂದ ವರದಿಗಳೆಲ್ಲ ನೂಲು ಬಿಚ್ಚುವ ಚರಕವನ್ನು ಹಳೇಕಾಲದ್ದು, ದಂಡದ್ದು, ಕಳಪೆ ಎನ್ನುತ್ತಲೇ ಬಂದವು. ಸರ್ಕಾರ ಉಗಿಯಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆಗಳನ್ನು, ಅಂದರೆ ಫಿಲೇಚರುಗಳನ್ನು ಕಟ್ಟಿತು: ಕೊಳ್ಳೇಗಾಲದಲ್ಲಿ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ, ಸಂತೇಮರಹಳ್ಳಿಯಲ್ಲಿ, ಚಾಮರಾಜನಗರದಲ್ಲಿ, ತಿರುಮಕೂಡಲು ನರಸೀಪುರದಲ್ಲಿ. ಆದರೂ ಚರಕ ಯಾಕೆ ಹೋಗಲಿಲ್ಲ? ಹಳ್ಳಿಯವರ ಮೊಂಡುತನವೇ, ಬಡತನವೇ, ಅಥವಾ ಚರಕದವರ ಲೆಕ್ಕವೇ ಸರಿಯಾಗಿತ್ತೇ?

ಚರಕ ನೋಡದವರಿಗಾಗಿ ಎರಡು ಮಾತು. ಮಣ್ಣಿನ ಒಲೆಯ ಮೇಲೆ ಕುದಿನೀರಿನ ಬಾಣಲೆ. ಅದರಲ್ಲಿ ಗೂಡು ಹಾಕಿ ಕಡ್ಡಿಯಿಂದ ಕೆದಕುತ್ತಾರೆ. ಗೂಡಿನ ಅಂಟು ಸಡಿಲಾಗಿ ಎಳೆಯ ತುದಿ ಕಡ್ಡಿಗೆ ಹತ್ತುತ್ತದೆ. ಹತ್ತಾರು ಗೂಡಿನ ಎಳೆ ಒಟ್ಟಿಗೆ ಹಿಡಿದು, ಸಣ್ಣ ತೂತಿನಲ್ಲಿ ತೂರಿಸಿ, ಹಿಂದಿನ ದೊಡ್ಡ ರಾಟೆಗೆ ಕೊಡುತ್ತಾರೆ. ಒಬ್ಬರು ರಾಟೆ ತಿರುಗಿಸಬೇಕು, ಇನ್ನೊಬ್ಬರು ಬಾಣಲೆಯ ಮುಂದೆ ಕೂರಬೇಕು. ಕೂತವರ ಬೆರಳು ಇಡೀ ದಿನ ಬಿಸಿನೀರಿನಲ್ಲಿ. ತುದಿ ಸಿಗುವ ತನಕ ಕಿತ್ತು ಬರುವ ಸಿಕ್ಕು ಸಿಕ್ಕಾದ ಎಳೆಗೆ ಜುಟ್ಟು ಎನ್ನುತ್ತಾರೆ. ಅದನ್ನೂ ಬಿಸಾಡುವುದಿಲ್ಲ, ಒಣಗಿಸಿ ಮಾರುತ್ತಾರೆ. ಬೆಂದ ಹುಳುವಿನ ವಾಸನೆ ಬಟ್ಟೆಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಕೊಳ್ಳೇಗಾಲದ ಕಡೆಯ ಒಬ್ಬ ಹಿರಿಯ ಹೆಂಗಸು, ನಾನು ನೋಟ್ ಪುಸ್ತಕ ತೆಗೆದಾಗ, ಬಾಣಲೆಯಿಂದ ಕಣ್ಣೆತ್ತದೆ ಹೇಳಿದರು: "ನೀವ್ ಬರ್ಕೊಳಿ ಸಾ. ನಮ್ದು ಬೆರಳಲ್ಲೇ ಅದೆ ಲೆಕ್ಕ."

ಆ ಬೆರಳಿನ ಲೆಕ್ಕವನ್ನು ಕಾಗದದಲ್ಲಿ ಹುಡುಕಲು ಹೊರಟವನು ನಾನು.

ಎಫ್.ಎ. ನಿಕಲ್ಸನ್ 1887ರಲ್ಲಿ ತಂದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯಿಂದ ಶುರು ಮಾಡಿದೆ. ನಿಕಲ್ಸನ್ ಮುಂದೆ ಮದ್ರಾಸಿನ ಸಹಕಾರಿ ಸಾಲದ ವ್ಯವಸ್ಥೆಗೆ ತಳಪಾಯ ಹಾಕಿದವನು. ರೈತ ಸಾಲಕ್ಕೆ ಸಿಕ್ಕಿಬೀಳುವ ಬಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ 1899ರಲ್ಲಿ ಎಡ್ಗರ್ ಥರ್ಸ್ಟನ್ ಮದ್ರಾಸ್ ಪ್ರಾಂತ್ಯದ ರೇಷ್ಮೆ ಬಟ್ಟೆಯ ಬಗ್ಗೆ ಬರೆದ ಪುಸ್ತಿಕೆ. ಹೆಸರೇ ಹೇಳುವಂತೆ ಅದರ ಕಣ್ಣೆಲ್ಲ ಬಟ್ಟೆಯ ಮೇಲೆ: ಅಂಚು, ಸೆರಗು, ಜರಿ, ಬಣ್ಣ. ಕೊಳ್ಳೇಗಾಲದ ದೇವಾಂಗದವರ ಮಗ್ಗದ ಮಟ್ಟಿಗೆ ಇದು ನ್ಯಾಯವೇ. ಊರಿಗೆ ಹೆಸರು ಬಂದದ್ದು ಜರಿಯಂಚಿನ ರೇಷ್ಮೆಯಿಂದ. ಆದರೆ ಮಗ್ಗಕ್ಕೆ ಹೋಗುವ ಹಾಸು ಹೊಕ್ಕಿನ ನೂಲನ್ನು ಬಿಚ್ಚಿದವರು ಯಾರು ಎಂದು ಕೇಳುವ ಗೋಜಿಗೆ ಇಂಥ ಪುಸ್ತಕಗಳು ಹೋಗುವುದು ಕಡಿಮೆ.

ಗೂಡು, ನೂಲು, ಬಟ್ಟೆ ಮೂರನ್ನೂ ಒಟ್ಟಿಗೆ ನೋಡಿದ ದೊಡ್ಡ ಪ್ರಯತ್ನ ಎಚ್. ಮ್ಯಾಕ್ಸ್‌ವೆಲ್-ಲೆಫ್ರಾಯ್ ಮತ್ತು ಇ.ಸಿ. ಆನ್‌ಸೋರ್ಜ್ ಅವರದು. ಭಾರತದ ರೇಷ್ಮೆ ಉದ್ಯಮದ ಮೇಲೆ ಅವರು ಮಾಡಿದ ವಿಚಾರಣೆ 1917ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಲೆಫ್ರಾಯ್ ಕೀಟಶಾಸ್ತ್ರಜ್ಞ.  

ಈ ಕಾಲದ ಕಡತ ಓದುವಾಗ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಮದ್ರಾಸಿನಲ್ಲಿ ರೇಷ್ಮೆ ಕೈಗಾರಿಕಾ ಇಲಾಖೆಯ ಹತ್ತು ಕೆಲಸಗಳಲ್ಲಿ ಒಂದು. ಮೈಸೂರಿನಲ್ಲಿ 1910ರ ದಶಕದಲ್ಲೇ ರೇಷ್ಮೆಗೆಂದು ಪ್ರತ್ಯೇಕ ಇಲಾಖೆ ಬಂತು. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಚನ್ನಪಟ್ಟಣಕ್ಕೆ ಬಂದ. ಮೈಸೂರು ತಳಿಗೆ ಹೊರದೇಶದ ತಳಿ ಕೂಡಿಸಿ ಮಿಶ್ರತಳಿ ಎಬ್ಬಿಸಿದರು. 1912ರಲ್ಲಿ ಮೈಸೂರು ನಗರದಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಆದ್ದರಿಂದ ಯಳಂದೂರಿನ ಮಗ್ಗುಲಲ್ಲಿ ರೇಷ್ಮೆಗೆ ಪುಟಗಟ್ಟಲೆ ವಿವರ ಸಿಗುತ್ತದೆ, ಕೊಳ್ಳೇಗಾಲದ ಮಗ್ಗುಲಲ್ಲಿ ಚಿಕ್ಕ ಪ್ಯಾರಾಗಳಷ್ಟೇ. ಚಿಕ್ಕ ಪ್ಯಾರಾ ಕಂಡು ಚಿಕ್ಕ ಉದ್ಯಮ ಎಂದುಕೊಂಡರೆ ಕೆಟ್ಟಿತು. ಮದ್ರಾಸ್ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ರೇಷ್ಮೆ ಎಂದರೆ ಮುಖ್ಯವಾಗಿ ಕೊಳ್ಳೇಗಾಲವೇ.

ಎರಡೂ ಕಡೆ ಕೈಯಾಡಿಸಿದ ಅಧಿಕಾರಿ ಆಲ್‌ಫ್ರೆಡ್ ಚಾಟರ್ಟನ್. ಮದ್ರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆ, ಕ್ರೋಮ್ ಚರ್ಮ ಹದ, ಸೇಲಂನ ನೇಯ್ಗೆ ಕಾರ್ಖಾನೆ ಎಂದೆಲ್ಲ ಪ್ರಯೋಗ ಮಾಡಿ, 1912ರಲ್ಲಿ ಮೈಸೂರಿಗೆ ಕೈಗಾರಿಕಾ ನಿರ್ದೇಶಕನಾಗಿ ಬಂದ. ಅದೇ ವರ್ಷ ವಿಶ್ವೇಶ್ವರಯ್ಯ ದಿವಾನರಾದರು. ಚಾಟರ್ಟನ್ ಯಂತ್ರದ ಮೋಹಿತನಲ್ಲ, ಕೈಮಗ್ಗದ ಪರ ಬಹಳ ಮಾತಾಡಿದವನು. ಅಂಥವನ ಕಾಲದ ಕಾಗದಗಳಲ್ಲೂ ಚರಕ ಎಂದರೆ ಸುಧಾರಣೆಗೆ ಕಾದಿರುವ ಒಂದು ವಸ್ತು.

ಆಮೇಲೆ 1933ರ ಸುಂಕ ಮಂಡಳಿಯ ವರದಿ. ಚೀನಾ, ಜಪಾನಿನ ಅಗ್ಗದ ರೇಷ್ಮೆ ನುಗ್ಗಿ ದೇಸಿ ನೂಲಿನ ಬೆಲೆ ಬಿದ್ದಾಗ, ರಕ್ಷಣೆ ಬೇಕೋ ಬೇಡವೋ ಎಂದು ನೋಡಲು ನಡೆದ ವಿಚಾರಣೆ ಅದು. 1934ರಲ್ಲಿ ರಕ್ಷಣಾ ಸುಂಕವೂ ಬಂತು. ಇಂಥ ವಿಚಾರಣೆಗಳಲ್ಲಿ ಅರ್ಥಶಾಸ್ತ್ರದವರಿಗೆ ಬೇಕಾದ ಪ್ರಶ್ನೆ ನೇರವಾಗಿ ಬರುತ್ತದೆ: ಒಂದು ಪೌಂಡು ನೂಲಿಗೆ ಎಷ್ಟು ಖರ್ಚು, ಅದರಲ್ಲಿ ಗೂಡಿನದೆಷ್ಟು, ಕೂಲಿ ಎಷ್ಟು, ಸೌದೆ ಎಷ್ಟು. ಹುಡುಕುತ್ತಿದ್ದ ಎಳೆಯ ತುದಿ ನನಗೆ ಸಿಕ್ಕಿದ್ದು ಈ ಬಗೆಯ ಪಟ್ಟಿಗಳಲ್ಲಿ. ಮಂಡಳಿಯವರು ಏನು ತೀರ್ಮಾನಿಸಿದರು ಎಂಬುದಕ್ಕಿಂತ ಖರ್ಚಿನ ಪಟ್ಟಿಯ ಆಕಾರ ನೋಡಿ. ನೂಲಿನ ಒಟ್ಟು ಖರ್ಚಿನಲ್ಲಿ ಸಿಂಹಪಾಲು ಗೂಡಿನದೇ. ಇವತ್ತಿಗೂ ನೂಲು ಬಿಚ್ಚಣಿಕೆಯವರನ್ನು ಕೇಳಿದರೆ ನೂರಕ್ಕೆ ಎಂಬತ್ತು ಗೂಡಿಗೇ ಹೋಯಿತು ಎನ್ನುತ್ತಾರೆ.

ಈ ಒಂದು ಸಂಗತಿಯಿಂದ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬುದಕ್ಕೆ ಈ ಕಸುಬಿನಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ಒಳ್ಳೆ ದ್ವಿತಳಿ ಗೂಡಾದರೆ ಆರು, ಆರೂವರೆ. ಮಿಶ್ರತಳಿಗೆ ಎಂಟು, ಒಂಬತ್ತು. ಹಿಂದಿನ ಶುದ್ಧ ಮೈಸೂರು ತಳಿಗೆ ಹನ್ನೆರಡು ದಾಟುತ್ತಿದ್ದದ್ದೂ ಉಂಟು. ಗೂಡು ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ರೆಂಡಿಟ್ಟಾ ಎಂಟರಿಂದ ಒಂಬತ್ತಕ್ಕೆ ಜಾರಿದರೆ ಕಿಲೋ ನೂಲಿನ ಮೇಲೆ 400 ರೂಪಾಯಿ ಕೈಬಿಟ್ಟಿತು. ಕೂಲಿ ಉಳಿಸುವ ಯಂತ್ರ ತಂದರೂ ಆ ನಷ್ಟ ತುಂಬುವುದು ಕಷ್ಟ. ಎಂದ ಮೇಲೆ ಈ ಕಸುಬಿನ ಜಾಣತನ ಇರುವುದು ಎರಡೇ ಕಡೆ: ಸಂತೆಯಲ್ಲಿ ಗೂಡನ್ನು ಕೈಯಲ್ಲಿ ಹಿಚುಕಿ, ಅಲ್ಲಾಡಿಸಿ ಕೊಳ್ಳುವುದರಲ್ಲಿ, ಬಾಣಲೆಯ ಮುಂದೆ ಜುಟ್ಟು ಕಡಿಮೆ ಮಾಡಿ ಎಳೆ ಹಿಡಿಯುವುದರಲ್ಲಿ. ಎರಡೂ ಯಂತ್ರದ ಕೆಲಸವಲ್ಲ.

ಇನ್ನು ಗೂಡಿನ ಬರವು. ಹನೂರು ಕಡೆಯ ಹೊಲಗಳಲ್ಲಿ ಹಿಂದೆ ಮಳೆ ನಂಬಿದ ಹಿಪ್ಪುನೇರಳೆಯೇ ಹೆಚ್ಚು. ಸೊಪ್ಪು ಬಂದಾಗ ಎಲ್ಲರ ಮನೆಯಲ್ಲೂ ಹುಳು, ಹುಳು ಗೂಡು ಕಟ್ಟುವ ಚಂದ್ರಿಕೆಯೂ ಎಲ್ಲರದು ಒಟ್ಟಿಗೆ ತುಂಬುತ್ತದೆ. ಮಳೆ ಕೈಕೊಟ್ಟರೆ ತಟ್ಟೆಗಳೆಲ್ಲ ಅಟ್ಟಕ್ಕೆ. ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ಎದ್ದು ಗೂಡು ಕಟ್ಟಲು ತಿಂಗಳು ಸಾಕು. ಕಟ್ಟಿದ ಮೇಲೆ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆ ಹಾಳು. ಅಷ್ಟರೊಳಗೆ ಬಿಚ್ಚಬೇಕು, ಇಲ್ಲವೇ ಬಿಸಿಗೆ ಹುಳು ಕೊಂದು ಒಣಗಿಸಿ ದಾಸ್ತಾನು ಮಾಡಬೇಕು. ದಾಸ್ತಾನು ಎಂದರೆ ದುಡ್ಡು ಕಟ್ಟಿಹಾಕುವುದು. ಫಿಲೇಚರಿಗೆ ಬಾಯ್ಲರ್ ಇದೆ, ತಿಂಗಳ ಸಂಬಳದವರಿದ್ದಾರೆ; ಅದು ವರ್ಷವಿಡೀ ಒಂದೇ ಸಮನೆ ತಿನ್ನಬೇಕು, ಒಂದೇ ಬಗೆಯ ಗೂಡು ತಿನ್ನಬೇಕು. ಚರಕದವನು ಬೆಳಗ್ಗೆ ಆ ದಿನಕ್ಕೆ ಬೇಕಾದಷ್ಟೇ ಗೂಡು ಕೊಂಡು ಸಂಜೆಯೊಳಗೆ ಮುಗಿಸುತ್ತಾನೆ. ಗೂಡಿನ ಬೆಲೆ ಏರಿದ ದಿನ ಕೈಬೀಸಿಕೊಂಡು ಮನೆಗೆ ಬರುತ್ತಾನೆ. ಫಿಲೇಚರಿನ ಮ್ಯಾನೇಜರ್ ಹಾಗೆ ಬರಲಾರ. ನಮ್ಮ ಶಾಸ್ತ್ರದಲ್ಲಿ ದಾಸ್ತಾನಿಲ್ಲದೆ ನಡೆಸುವ ಉತ್ಪಾದನೆಯ ಪಾಠಕ್ಕೆ ಜಪಾನಿನ ಟೊಯೋಟಾ ಕಾರ್ಖಾನೆಯ ಉದಾಹರಣೆ ಕೊಡುತ್ತೇವೆ. ಕೊಳ್ಳೇಗಾಲದ ಚರಕದ ಉದಾಹರಣೆ ಕೊಟ್ಟ ಪಠ್ಯಪುಸ್ತಕ ನಾನು ನೋಡಿಲ್ಲ.

ಚರಕದ ನೂಲು ಒರಟು, ದಪ್ಪ ಸಮವಿಲ್ಲ ಎಂಬ ಆಕ್ಷೇಪ ನಿಜ. ವಿದ್ಯುತ್ ಮಗ್ಗದ ಹಾಸಿಗೆ ಅದು ತಡೆಯುವುದಿಲ್ಲ; ಮೈಸೂರಿನ ಕಾರ್ಖಾನೆಗೆ ಫಿಲೇಚರ್ ನೂಲೇ ಬೇಕು. ಕೈಮಗ್ಗದ ಹೊಕ್ಕಿಗೆ ಮಾತ್ರ ಧಾರಾಳವಾಗಿ ನಡೆಯುತ್ತಿತ್ತು, ನೇಯುವವನು ಹೊಕ್ಕಿನ ನಯಕ್ಕಾಗಿ ಹೆಚ್ಚು ಬೆಲೆ ಕೊಡಲು ಸಿದ್ಧನಿರಲಿಲ್ಲ. ಕೊಳ್ಳುವವನು ಕೊಡದ ಗುಣಮಟ್ಟಕ್ಕಾಗಿ ಮಾಡುವವನು ಯಾಕೆ ಖರ್ಚು ಮಾಡಬೇಕು? ಸರ್ಕಾರಿ ವರದಿಗಳು ಈ ಪ್ರಶ್ನೆಯನ್ನು ಬದಿಗಿಟ್ಟು ನೂಲಿನ ದೋಷವನ್ನು ಬಿಚ್ಚುವವನ ತಲೆಗೆ ಕಟ್ಟಿದವು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

1956ರ ನಂತರ ಕಡತಗಳ ಭಾಷೆ ಒಂದಾಯಿತು, ಕಾಲಂಗಳೂ ಒಂದಾದವು. 1959ರ ಕಾಯ್ದೆಯಿಂದ ಗೂಡಿನ ವಹಿವಾಟು ಸರ್ಕಾರದ ಮಾರುಕಟ್ಟೆಯ ಹರಾಜಿಗೆ ಬಂತು. 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ), ಅದೇ ವರ್ಷ ವಿಶ್ವಬ್ಯಾಂಕಿನ ನೆರವಿನ ಯೋಜನೆ, ಅದೇ ವರ್ಷ ಬಂಗಾಳದಿಂದ ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣ. ಅಂಕಿಅಂಶ ಹೆಚ್ಚಿತು, ಎಕರೆ ಎಷ್ಟು, ಟನ್ ಎಷ್ಟು ಎಂದು ವರ್ಷವರ್ಷ ಸಿಗುತ್ತದೆ. ಗ್ಲಾಸ್ಗೋದ ಮಾನವಶಾಸ್ತ್ರಜ್ಞ ಸೈಮನ್ ಚಾರ್ಸ್‌ಲಿ ಕರ್ನಾಟಕದ ರೇಷ್ಮೆ ಸಾಕಣೆಯ ಬಗ್ಗೆ 1982ರಲ್ಲಿ ತಂದ ಪುಸ್ತಕ ಈ ಅಂಕಿಗಳ ಹಿಂದಿನ ಮನುಷ್ಯರನ್ನು ಮಾತಾಡಿಸಿದ ಕೆಲವೇ ಕೆಲಸಗಳಲ್ಲೊಂದು. ಸಾಕುವವರಿಗೆ ಇಷ್ಟಾದರೂ ಸಿಕ್ಕಿತು. ಬಿಚ್ಚುವವರಿಗೆ ಇದೂ ಇಲ್ಲ.

ಈಗಿನ ಮಾತು ಬೇರೆ. ಕೊಳವೆಬಾವಿ, ಹನಿ ನೀರಾವರಿ, 1990ರ ದಶಕದಲ್ಲಿ ಬಂದ ವಿ-1 ಹಿಪ್ಪುನೇರಳೆ, ದ್ವಿತಳಿ ಗೂಡು ಎಲ್ಲ ಸೇರಿ ವರ್ಷವಿಡೀ ಸಮನಾದ ಗೂಡು ಸಿಗುವ ಕಡೆ ಸ್ವಯಂಚಾಲಿತ ಯಂತ್ರಗಳು ಲಾಭದಲ್ಲೇ ಓಡುತ್ತಿವೆ. ಚರಕ ಹಿಂದೆ ಬೀಳುತ್ತಿರುವುದು ಅಲ್ಲಿಯೇ. ಅಂದರೆ ಚರಕದವರು ಹೊಸದನ್ನು ಒಲ್ಲೆ ಎನ್ನುವವರಾಗಿರಲಿಲ್ಲ. ಯಂತ್ರಕ್ಕೆ ಮೊದಲು ಬರಬೇಕಾದ ಗೂಡೇ ಬಂದಿರಲಿಲ್ಲ. ಸರ್ಕಾರ ಬಾಯ್ಲರನ್ನು ಮೊದಲು ತಂದಿತು, ನೀರನ್ನು ಆಮೇಲೆ.

ಈ ವಾದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಬೇಕು. ಅದು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲೂ ಇಲ್ಲ, ಬೆಂಗಳೂರಿನ ವಿಧಾನಸೌಧದ ಪತ್ರಾಗಾರದಲ್ಲೂ ಇಲ್ಲ; ಇದ್ದರೆ ಮನೆಗಳಲ್ಲಿದೆ. ಕೊಳ್ಳೇಗಾಲ, ಮಾಂಬಳ್ಳಿ, ಹನೂರಿನ ಹಳೇ ಮನೆಗಳ ಅಟ್ಟದಲ್ಲಿ ಗೂಡು ಕೊಂಡ ಚೀಟಿ, ನೂಲು ತೂಗಿದ ಪುಸ್ತಕ, ಜುಟ್ಟು ಮಾರಿದ ಲೆಕ್ಕ, ಮಗ್ಗದವರೊಂದಿಗಿನ ಉದ್ದರಿ ಖಾತೆ ಏನಾದರೂ ಕಣ್ಣಿಗೆ ಬಿದ್ದರೆ ದಯವಿಟ್ಟು ಹಳೇ ಪೇಪರಿನವನಿಗೆ ಹಾಕಬೇಡಿ. ಫೋಟೋ ತೆಗೆದು ಹತ್ತಿರದ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟರಿಗೆ ತಲುಪಿಸಿ. ಪುಸ್ತಕ ನಿಮ್ಮ ಬಳಿಯೇ ಇರಲಿ.