ಪರದೇಶೀ ಪಂಡಿತರ ಮುಂಬಯಿವಾಸ

ಮುಂಬಯಿಯ ಧೋಬಿ ತಲಾವಿನ ಬಳಿ, ಸಂತ ಝೇವಿಯರ್ ಕಾಲೇಜಿನ ಶಿಲಾಸೌಧದ ಬೆನ್ನಿಗೇ, ಬದ್ರುದ್ದೀನ್ ತಯ್ಯಬ್ಜಿ ಮಾರ್ಗದ ಪೊಲೀಸ್ ಕಟ್ಟಡವೊಂದರಲ್ಲಿ ವಿದೇಶೀಯರ ನೋಂದಣಿ ಕಚೇರಿ ನಡೆದುಬಂದಿದೆ. ಈ ನೆರೆತನ ಆಕಸ್ಮಿಕವೇ ಸರಿ. ಆದರೂ ಪರದೇಶದಿಂದ ಬಂದ ಅಧ್ಯಾಪಕನು ಈ ನಗರದಲ್ಲಿ ಯಾವ ಹಕ್ಕಿನಿಂದ ನೆಲಸಿರುವನೆಂಬ ಪ್ರಶ್ನೆಯು ತನ್ನ ಕಠೋರತಮ ರೂಪದಲ್ಲಿ ಎದುರಾದುದು ಈ ಕಾಲೇಜಿಗೇ ಎಂಬುದನ್ನು ಬಲ್ಲವರಿಗೆ ಅದು ಸೋಜಿಗವೆನಿಸದಿರದು.

1869ರಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿ, ನಾಲ್ಕು ದಶಕಗಳಿಗೂ ಮೀರಿ ಶ್ರದ್ಧೆಯಿಂದ ಬೆಳೆಸಿದ ಆ ವಿದ್ಯಾಲಯದಲ್ಲಿ ಗುರುಗಳ ಜನ್ಮದೇಶವು ಅವರ ಅಧ್ಯಾಪನಕ್ಕೆ ಅಡ್ಡಿಯಾಗಿರಲಿಲ್ಲ. 1914ರಲ್ಲಿ ಮಹಾಯುದ್ಧ ಘೋಷಿತವಾದೊಡನೆ, ನಿನ್ನೆಯವರೆಗೆ ಪೂಜ್ಯರಾಗಿದ್ದವರೇ ಶತ್ರುರಾಷ್ಟ್ರದ ಪ್ರಜೆಗಳೆನಿಸಿ, ಕೆಲವರು ಬಂಧನಶಿಬಿರಗಳನ್ನು ಸೇರಿ, ಅನೇಕರು ಮುಂದೆ ಸ್ವದೇಶಕ್ಕೆ ರವಾನೆಯಾದರು. ಅದೇ ದಶಕದ ಕೊನೆಗೆ, 1919ರಲ್ಲಿ, ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಪೀಠಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡೆಸ್ ಸ್ಕಾಟ್ಲೆಂಡಿನವನಾದರೂ, ಬ್ರಿಟಿಷ್ ಪ್ರಜೆಯಾದುದರಿಂದ ಕಾನೂನಿನ ಕಣ್ಣಿಗೆ ಪರದೇಶಿಯೇ ಆಗಿರಲಿಲ್ಲ.

ಜರ್ಮನರ ತೆರವಾದ ಸ್ಥಾನಗಳಿಗೆ ಸ್ಪೇನಿನ ಜೆಸ್ವಿಟರು ಬಂದರು. 1922ರಲ್ಲಿ ಬಂದಿಳಿದ ಹೆನ್ರಿ ಹೇರಾಸ್ 1926ರಲ್ಲಿ ಕಾಲೇಜಿನಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿ, ಮರುವರ್ಷವೇ ವಿಜಯನಗರದ ಅರವೀಡು ವಂಶವನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಸ್ಪೇನ್ ಆ ಯುದ್ಧದಲ್ಲಿ ತಟಸ್ಥವಾಗಿದ್ದುದರ ಫಲವು ಇಷ್ಟು ವಕ್ರಮಾರ್ಗದಿಂದ ಕನ್ನಡನಾಡಿನ ಚರಿತ್ರೆಗೆ ಸಂದಿತೆಂದು ನಾನು ಭಾವಿಸಿದ್ದೇನೆ.

ವಿದೇಶೀಯರ ನೋಂದಣಿ ಕಾಯಿದೆ ಹುಟ್ಟಿದುದು 1939ರಲ್ಲಿ, ಎರಡನೆಯ ಯುದ್ಧದ ಹೊಸ್ತಿಲಲ್ಲಿ. ವಿದೇಶೀಯರ ಕಾಯಿದೆ 1946ರಲ್ಲಿ, ಆಂಗ್ಲರು ಗಂಟುಮೂಟೆ ಕಟ್ಟುವ ಹೊತ್ತಿಗೆ. ಅವರು ಹೋದರು, ಕಾಯಿದೆಗಳು ಉಳಿದುವು.

ಆದರೆ ಕಾಗದವು ಒಂದೆಡೆ ಅಟ್ಟಿದವನನ್ನು ಮತ್ತೊಂದೆಡೆ ಬರಮಾಡಿಕೊಳ್ಳುವುದೂ ಉಂಟು. ನಾಟ್ಸಿಗಳ ಡಾಖೌ ಶಿಬಿರದಿಂದ ಪಾರಾಗಿ ಅಮೆರಿಕವನ್ನು ಸೇರಿ, ವಿಶ್ವಕಿರಣಗಳ ಸಂಶೋಧನೆಯಿಂದ ಹೆಸರಾಗಿದ್ದ ಬರ್ನಾರ್ಡ್ ಪೀಟರ್ಸ್, ಅಲ್ಲಿ ಕಮ್ಯುನಿಸ್ಟನೆಂಬ ಆರೋಪಕ್ಕೆ ಗುರಿಯಾಗಿ, ಪಾಸ್‌ಪೋರ್ಟಿನ ತಾಪತ್ರಯಕ್ಕೂ ಸಿಲುಕಿ, 1951ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಬಂದರು. ಬೆಂಗಳೂರಿನಲ್ಲಿ ಕಣ್ತೆರೆದ ಆ ಸಂಸ್ಥೆ ಆಗ ಗೇಟ್‌ವೇ ಸಮೀಪದ ಹಳೆಯ ಯಾಟ್ ಕ್ಲಬ್ಬಿನಲ್ಲಿತ್ತು. 1958ರವರೆಗೆ ಅವರು ಇಲ್ಲಿ ದುಡಿದರು. ದೇವೇಂದ್ರ ಲಾಲ್‌ರಂಥ ತರುಣರು ಅವರ ಕೈಯಲ್ಲಿ ಪಳಗಿದರು. ಪೀಟರ್ಸ್ ಹೊರಟ ವರ್ಷವೇ ಆರಂಭವಾದ ಪೊವಾಯಿಯ ಐಐಟಿಗೆ ಯುನೆಸ್ಕೋ ಮುಖಾಂತರ ಸೋವಿಯತ್ ತಜ್ಞರು ಬಂದುದಂತೂ ಸರ್ಕಾರಗಳ ಒಪ್ಪಂದದ ಮೇಲೆ. ಅವರ ಹೊಣೆಯೆಲ್ಲ ರಾಜ್ಯಗಳದೇ.

ಇಂದಿನ ಅಧ್ಯಾಪಕನಿಗೆ ಅಂಥ ಆಸರೆಯಿಲ್ಲ. 180 ದಿನಗಳಿಗೆ ಮೀರಿದ ಉದ್ಯೋಗ ವೀಸಾದ ಮೇಲೆ ಬಂದವನು ಸಾಮಾನ್ಯವಾಗಿ 14 ದಿನಗಳೊಳಗೆ ಹೆಸರು ನೋಂದಾಯಿಸತಕ್ಕದ್ದು. ನೇಮಕದ ಕರಾರು, ಕಾಲೇಜಿನ ಪತ್ರ, ವಾಸಸ್ಥಳಕ್ಕೆ ಮುಂಬಯಿಯ ಮನೆಮಾಲೀಕನು ಹನ್ನೊಂದು ತಿಂಗಳಿಗೆಂದು ಬರೆದುಕೊಡುವ ಲೀವ್ ಅಂಡ್ ಲೈಸೆನ್ಸ್ ಪತ್ರ, ಇವೆಲ್ಲವನ್ನೂ ಒಪ್ಪಿಸತಕ್ಕದ್ದು. ವೀಸಾ ಮೂರು ವರ್ಷದ್ದಾದರೂ ಮನೆ ಹನ್ನೊಂದು ತಿಂಗಳಿನದು! ಬೇರೆ ಸಂಸ್ಥೆಯಲ್ಲಿ ಮೇಲಾದ ಹುದ್ದೆ ದೊರೆತರೂ, ಹಳೆಯ ವೀಸಾದ ಮೇಲೆಯೇ ಅಲ್ಲಿಗೆ ದಾಟಿಕೊಳ್ಳುವಂತಿಲ್ಲ. 2018ರಿಂದ ಈ ವ್ಯವಹಾರ ಬಹುಮಟ್ಟಿಗೆ ಅಂತರ್ಜಾಲಕ್ಕೆ ಸರಿದಿದೆ. 1939 ಮತ್ತು 1946ರ ಕಾಯಿದೆಗಳು ರದ್ದಾಗಿ, 2025ರ ಸೆಪ್ಟೆಂಬರಿನಿಂದ ಹೊಸ ಅಧಿನಿಯಮವೊಂದು ಜಾರಿಗೆ ಬಂದಿದೆ. ನೋಂದಣಿಯನ್ನು ಅದೂ ಕೈಬಿಟ್ಟಿಲ್ಲ.