ಭ್ರೂಣ ಹಿಮೋಗ್ಲೋಬಿನ್

ಗರ್ಭದಲ್ಲಿರುವ ಶಿಶುವಿನ ಕೆಂಪು ರಕ್ತಕಣಗಳಲ್ಲಿ ಆಮ್ಲಜನಕವನ್ನು ಸಾಗಿಸುವ ಮುಖ್ಯ ಪ್ರೋಟೀನು. ಸಂಕ್ಷಿಪ್ತ ಹೆಸರು ಎಚ್‌ಬಿಎಫ್. ಮಗು ಹುಟ್ಟಿದ ಮೇಲೆ ಇದರ ಉತ್ಪಾದನೆ ಕುಗ್ಗುತ್ತ ಹೋಗಿ, ಆ ಕೆಲಸವನ್ನು ವಯಸ್ಕ ಹಿಮೋಗ್ಲೋಬಿನ್ ವಹಿಸಿಕೊಳ್ಳುತ್ತದೆ. ಈ ಬದಲಾವಣೆಯನ್ನು ನಡೆಸುವ ಜೀನ್ ನಿಯಂತ್ರಣದ ಅಧ್ಯಯನವೇ ಸಿಕಲ್ ಸೆಲ್ ರೋಗ ಮತ್ತು ಬೀಟಾ ಥಲಸ್ಸೀಮಿಯಾಗಳಿಗೆ ಜೀನ್ ಸಂಪಾದನೆಯ ಚಿಕಿತ್ಸೆಯನ್ನು ಒದಗಿಸಿತು.

ರಚನೆ ಮತ್ತು ಜೀನುಗಳು

ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಗ್ಲೋಬಿನ್ ಸರಪಳಿಗಳಿರುತ್ತವೆ. ವಯಸ್ಕ ಹಿಮೋಗ್ಲೋಬಿನ್ನಿನಲ್ಲಿ ಎರಡು ಆಲ್ಫಾ, ಎರಡು ಬೀಟಾ. ಭ್ರೂಣದ್ದರಲ್ಲಿ ಬೀಟಾ ಬದಲು ಗಾಮಾ. ಗಾಮಾ ಸರಪಳಿಯಿರುವ ಅಣು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ತಾಯಿಯ ರಕ್ತದಿಂದ ಅದನ್ನು ಸೆಳೆದುಕೊಳ್ಳಬಲ್ಲದು.

ಆಲ್ಫಾ ಬಗೆಯ ಜೀನುಗಳು 16ನೆಯ ವರ್ಣತಂತುವಿನಲ್ಲಿವೆ. ಬೀಟಾ ಬಗೆಯ ಐದು ಜೀನುಗಳು 11ನೆಯ ವರ್ಣತಂತುವಿನಲ್ಲಿ ಸಾಲಾಗಿವೆ: ಎಪ್ಸಿಲಾನ್, ಎರಡು ಗಾಮಾ, ಡೆಲ್ಟಾ, ಬೀಟಾ. ಬೆಳವಣಿಗೆಯಲ್ಲಿ ಅವು ಕೆಲಸಕ್ಕೆ ತೊಡಗುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಸಾಲಿನ ಮೇಲ್ಭಾಗದಲ್ಲಿರುವ ಪ್ರಬಲ ನಿಯಂತ್ರಣ ವಲಯವೊಂದು ಡಿಎನ್‌ಎ ಬಾಗಿ ಕುಣಿಕೆಯಾದಾಗ ಯಾವ ಜೀನಿನ ಸಮೀಪಕ್ಕೆ ಬರುತ್ತದೋ ಆ ಜೀನು ಚುರುಕಾಗುತ್ತದೆ. ಜನನದ ವೇಳೆ ಒಟ್ಟು ಹಿಮೋಗ್ಲೋಬಿನ್ನಿನಲ್ಲಿ ಸುಮಾರು ಶೇ. 60–80ರಷ್ಟಿರುವ ಎಚ್‌ಬಿಎಫ್ ವಯಸ್ಕರಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ.

ರೋಗದೊಂದಿಗಿನ ನಂಟು

ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಸಿಕಲ್ ಹಿಮೋಗ್ಲೋಬಿನ್ ಉಂಟಾಗುತ್ತದೆ. ವರ್ನನ್ ಇನ್‌ಗ್ರಾಮ್ ಇದನ್ನು 1950ರ ದಶಕದಲ್ಲಿ ತೋರಿಸಿದರು. ಆಮ್ಲಜನಕ ಕಳೆದುಕೊಂಡಾಗ ಈ ಅಣುಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ಕೆಂಪುಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟುತ್ತದೆ. ತೀವ್ರ ನೋವು, ರಕ್ತಹೀನತೆ ಮತ್ತು ಅಂಗಾಂಗಗಳ ಹಾನಿ ಇದರ ಪರಿಣಾಮಗಳು. ಬೀಟಾ ಥಲಸ್ಸೀಮಿಯಾದಲ್ಲಿ ಬೀಟಾ ಸರಪಳಿಯ ಉತ್ಪಾದನೆಯೇ ಕಡಿಮೆ, ಇಲ್ಲವೆ ಪೂರ್ತಿ ನಿಂತಿರುತ್ತದೆ.

ಸಿಕಲ್ ಸೆಲ್ ರೋಗವಿರುವ ಶಿಶುಗಳಲ್ಲಿ ಮೊದಲ ಕೆಲವು ತಿಂಗಳು ಲಕ್ಷಣಗಳು ಕಾಣಿಸದಿರುವುದಕ್ಕೆ ಎಚ್‌ಬಿಎಫ್ ಕಾರಣವಿರಬೇಕೆಂದು ಅಮೆರಿಕದ ವೈದ್ಯೆ ಜ್ಯಾನೆಟ್ ವಾಟ್ಸನ್ 1948ರಲ್ಲಿ ಸೂಚಿಸಿದರು. ಗಾಮಾ ಸರಪಳಿಯಿರುವ ಅಣುಗಳು ಎಳೆ ಬೆಳೆಯದಂತೆ ತಡೆಯುತ್ತವೆ ಎಂಬುದು ಮುಂದೆ ಖಚಿತವಾಯಿತು. ಕೆಲವು ಕುಟುಂಬಗಳಲ್ಲಿ ಎಚ್‌ಬಿಎಫ್ ಉತ್ಪಾದನೆ ಜೀವಮಾನವಿಡೀ ಮುಂದುವರಿಯುತ್ತದೆ. ಅಂಥವರಿಗೆ ಅದರಿಂದ ತೊಂದರೆಯಿಲ್ಲ. ಅವರಲ್ಲಿ ಸಿಕಲ್ ಜೀನು ಇದ್ದರೂ ರೋಗ ಬಹಳ ಸೌಮ್ಯ.

ನಿಯಂತ್ರಣದ ಕೀಲಿ

2007ರಲ್ಲಿ ಲಂಡನ್ನಿನ ಸ್ವೀ ಲೇ ಥೈನ್ ಅವರ ತಂಡ, ಎಚ್‌ಬಿಎಫ್ ಮಟ್ಟದಲ್ಲಿ ಜನರ ನಡುವೆ ಕಾಣುವ ಏರುಪೇರಿಗೂ 2ನೆಯ ವರ್ಣತಂತುವಿನ ಬಿಸಿಎಲ್11ಎ ಜೀನಿಗೂ ಸಂಬಂಧವಿರುವುದನ್ನು ಗುರುತಿಸಿತು. ಈ ಜೀನಿನ ಪ್ರೋಟೀನು ಗಾಮಾ ಜೀನನ್ನು ಅದುಮಿಡುತ್ತದೆ ಎಂದು 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ತೋರಿಸಿದರು. ಸಿಕಲ್ ಸೆಲ್ ರೋಗವಿರುವ ಇಲಿಗಳ ರಕ್ತ ತಯಾರಿಸುವ ಕೋಶಗಳಲ್ಲಿ ಬಿಸಿಎಲ್11ಎ ಜೀನನ್ನು ನಿಷ್ಕ್ರಿಯಗೊಳಿಸಿದಾಗ ರೋಗಲಕ್ಷಣಗಳು ಸರಿಹೋದವು. ಈ ಫಲಿತಾಂಶ ಪ್ರಕಟವಾದದ್ದು 2011ರಲ್ಲಿ.

ಬಿಸಿಎಲ್11ಎ ಪ್ರೋಟೀನು ಗಾಮಾ ಜೀನಿನ ಆರಂಭಕ್ಕಿಂತ ಸುಮಾರು 115 ನ್ಯೂಕ್ಲಿಯೊಟೈಡ್ ಹಿಂದೆ ಬಂದು ಕೂರುತ್ತದೆ. ಎಚ್‌ಬಿಎಫ್ ಉಳಿದುಕೊಳ್ಳುವ ಕುಟುಂಬಗಳಲ್ಲಿ ಕಂಡಿದ್ದ ಕೆಲವು ರೂಪಾಂತರಗಳು ಇದೇ ಜಾಗದಲ್ಲಿವೆ. ಆದರೆ ಈ ಪ್ರೋಟೀನು ಮಿದುಳಿನ ಬೆಳವಣಿಗೆಗೂ ಬಿ ಲಿಂಫೋಸೈಟುಗಳಿಗೂ ಬೇಕು, ಜೀನನ್ನೇ ಕೆಡಿಸುವಂತಿಲ್ಲ. 2013ರಲ್ಲಿ ಇದಕ್ಕೊಂದು ಪರಿಹಾರ ದೊರೆಯಿತು. ಬಿಸಿಎಲ್11ಎ ಜೀನಿನ ಒಳಗೇ ಇರುವ ಒಂದು ವರ್ಧಕ ಭಾಗ ಕೆಂಪುಕಣಗಳ ಸಾಲಿನ ಕೋಶಗಳಲ್ಲಿ ಮಾತ್ರ ಅದನ್ನು ಚುರುಕುಗೊಳಿಸುತ್ತದೆಂದು ತಿಳಿದುಬಂತು. ಅದನ್ನಷ್ಟೇ ಮುರಿದರೆ ಉಳಿದ ಅಂಗಾಂಶಗಳಿಗೆ ಧಕ್ಕೆಯಿಲ್ಲ.

ಚಿಕಿತ್ಸೆ

ಎಚ್‌ಬಿಎಫ್ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಗುಳಿಗೆಗೆ ಸಿಕಲ್ ಸೆಲ್ ರೋಗದ ಔಷಧಿಯಾಗಿ ಅಮೆರಿಕದಲ್ಲಿ 1998ರಲ್ಲೇ ಅನುಮತಿ ದೊರೆತಿತ್ತು. ಬಿಸಿಎಲ್11ಎ ವರ್ಧಕವನ್ನು ಕ್ರಿಸ್ಪರ್ ಎಂಬ ಜೀನ್ ಸಂಪಾದನೆಯ ತಂತ್ರದಿಂದ ಕತ್ತರಿಸುವ ಕ್ಯಾಸ್‌ಜೆವಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ನೀಡಿದವು. ಕ್ರಿಸ್ಪರ್ ಆಧಾರಿತ ಚಿಕಿತ್ಸೆಗೆ ಜಗತ್ತಿನಲ್ಲಿ ದೊರೆತ ಮೊದಲ ಅನುಮತಿ ಬ್ರಿಟನ್ನಿನದು. ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಸಂಪಾದಿಸಿ, ಹಳೆಯ ಅಸ್ಥಿಮಜ್ಜೆಯನ್ನು ಬುಸಲ್ಫಾನ್ ಔಷಧಿಯಿಂದ ತೆರವುಗೊಳಿಸಿದ ಬಳಿಕ ಮರಳಿ ಸೇರಿಸಲಾಗುತ್ತದೆ. ಪ್ರಯೋಗದಲ್ಲಿ ಮೌಲ್ಯಮಾಪನಕ್ಕೆ ಅರ್ಹರಾಗಿದ್ದ 31 ಸಿಕಲ್ ಸೆಲ್ ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ 12 ತಿಂಗಳು ಸತತವಾಗಿ ತೀವ್ರ ನೋವಿನ ಬಿಕ್ಕಟ್ಟು ಬರಲಿಲ್ಲ. ಬುಸಲ್ಫಾನ್‌ನಿಂದ ಸಂತಾನಶಕ್ತಿ ಕುಂದುವ ಅಪಾಯ ಮತ್ತು ಅಮೆರಿಕದಲ್ಲಿ 22 ಲಕ್ಷ ಡಾಲರ್ ತಲುಪಿದ ಬೆಲೆ ಇದರ ಮುಖ್ಯ ತೊಡಕುಗಳು.

ಭಾರತದಲ್ಲಿ

ಸಿಕಲ್ ಕಣಗಳು ದಕ್ಷಿಣ ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಕರ್ನಾಟಕದ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲೂ ರೋಗ ಕಂಡುಬರುತ್ತದೆ. ಭಾರತದಲ್ಲಿ ಹೆಚ್ಚಾಗಿರುವ ಅರಬ್-ಭಾರತೀಯ ಬಗೆಯ ಸಿಕಲ್ ಜೀನಿನೊಂದಿಗೆ ಎಚ್‌ಬಿಎಫ್ ಮಟ್ಟವೂ ಹೆಚ್ಚಿರುವುದರಿಂದ, ಇಲ್ಲಿನ ಹಲವರಲ್ಲಿ ರೋಗ ಆಫ್ರಿಕಾ ಮೂಲದವರಲ್ಲಿರುವಷ್ಟು ಉಗ್ರವಲ್ಲ. ತೀವ್ರವಾಗಿ ನರಳುವವರೂ ಇದ್ದಾರೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿದೆ. ಅದರ ವ್ಯಾಪ್ತಿಯ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕ್ಯಾಸ್‌ಜೆವಿ ಸಿಕಲ್ ರೂಪಾಂತರವನ್ನು ತಿದ್ದುವುದಿಲ್ಲ, ಅದರ ಪರಿಣಾಮವನ್ನಷ್ಟೇ ತಡೆಯುತ್ತದೆ. ಸಂಪಾದನೆ ನಡೆಯುವುದು ರಕ್ತದ ಕಾಂಡಕೋಶಗಳಲ್ಲಿ ಮಾತ್ರವಾದ್ದರಿಂದ ಗುಣ ಕಂಡವರ ಮಕ್ಕಳಿಗೂ ಸಿಕಲ್ ಜೀನು ದಾಟುತ್ತದೆ. ಹೀಗಾಗಿ ವಾಹಕರನ್ನು ಗುರುತಿಸುವ ತಪಾಸಣೆ ಮತ್ತು ವಿವಾಹಪೂರ್ವ ಸಮಾಲೋಚನೆಗಳ ಅಗತ್ಯ ಈ ಚಿಕಿತ್ಸೆಯ ನಂತರವೂ ಉಳಿಯುತ್ತದೆ.